ಖಾಲಿ ಉಳಿದ ಒಂಬತ್ತನೇ ಕಾಲಂ

"ಅರ್ಜಿ ಎಲ್ಲಿ?"

ಕಿಟಕಿಯ ಒಳಗೆ ಕೂತವನು ತಲೆ ಎತ್ತದೆಯೇ ಕೈ ಚಾಚಿದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ವಿಶ್ವವಿದ್ಯಾಲಯದ ಪ್ರಮಾಣಪತ್ರ ವಿಭಾಗದ ಆ ಕಿಟಕಿಯ ಮುಂದೆ ಬರೋಬ್ಬರಿ ನಲವತ್ತು ನಿಮಿಷ ನಿಂತಿದ್ದಳು. ಬಾಗಿಲಿಗೆ ಬಂದು ಮಾತಾಡಲು ನೋಡಿದಾಗ "ಸಾಲಲ್ಲಿ ಬನ್ನಿ" ಎಂದು ಅಟ್ಟಿದ್ದವನೂ ಇವನೇ!

"ಅರ್ಜಿ ಅಲ್ಲ ಸಾರ್, ಆರ್ಡರ್. ಇವತ್ತಿಂದ ನಾನೂ ಇಲ್ಲೇ ಕೆಲಸಕ್ಕೆ ಸೇರಿದೀನಿ."

ಆಗ ತಲೆ ಎತ್ತಿದ. ಕಿವಿಯ ಸಂದಿಯಲ್ಲಿ ಒಂದು ಮೋಟು ಪೆನ್ಸಿಲ್. ಆದೇಶ ಓದಿದ, ಅವಳನ್ನು ನೋಡಿದ, ಮತ್ತೆ ಆದೇಶ ನೋಡಿದ. ಕಿವಿ ಕೆಂಪಾಯಿತು.

"ಮುಂಚೆನೇ ಹೇಳ್ಬಾರ್ದಿತ್ತಾ?"

"ಹೇಳೋಕೆ ಬಿಟ್ರಾ?"

ಅವಳ ಹಿಂದೆ ನಿಂತಿದ್ದವರು ಕಿಸಕ್ಕನೆ ನಕ್ಕರು. ಅವನು ಎದ್ದುಬಂದು ಬಾಗಿಲು ತೆಗೆದ.

"ತಪ್ಪಾಯ್ತು. ಆದ್ರೆ ಒಂದು ಒಳ್ಳೇದಾಯ್ತು ನೋಡಿ... ಆ ಕಡೆಯಿಂದ ಈ ಕಿಟಕಿ ಹೇಗೆ ಕಾಣ್ಸುತ್ತೆ ಅಂತ ಗೊತ್ತಾಯ್ತಲ್ಲ. ಅದನ್ನ ಮರೀಬೇಡಿ."

'ಅಬ್ಬಾ, ಎಂಥಾ ಬುದ್ಧಿವಂತ! ತನ್ನ ತಪ್ಪನ್ನೂ ನನಗೇ ಪಾಠ ಮಾಡ್ತಾನಲ್ಲ!' ಎಂದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸುದ್ದಿ ತಿಳಿಯಿತು. ಹೊಸ ನೌಕರರಿಗೆಲ್ಲ ಆರು ತಿಂಗಳ ಮಟ್ಟಿಗೆ ಒಬ್ಬ ಹಿರಿಯ ಸಹೋದ್ಯೋಗಿಯನ್ನು ಮಾರ್ಗದರ್ಶಿ ಎಂದು ನೇಮಿಸುವುದು ಅಲ್ಲಿನ ಕ್ರಮ. ಅವಳ ಪಾಲಿಗೆ ಬಂದವನು ಇವನೇ.

ಈ ಆರು ತಿಂಗಳು ಅವಳಿಗೆ ತಮಾಷೆಯ ಮಾತಾಗಿರಲಿಲ್ಲ. ಹಿಂದೆ ಎರಡು ಕಾಲೇಜುಗಳಲ್ಲಿ ತಾತ್ಕಾಲಿಕ ಎಂದು ದುಡಿದು, ಎರಡೂ ಕಡೆ ವರ್ಷದ ಕೊನೆಗೆ "ಮತ್ತೆ ತಿಳಿಸುತ್ತೇವೆ" ಎನ್ನಿಸಿಕೊಂಡು ಮನೆಗೆ ಬಂದಿದ್ದಳು. ಯಾರೂ ತಿಳಿಸಲಿಲ್ಲ. ಇಲ್ಲಿ ಮಾರ್ಗದರ್ಶಿ ತಿಂಗಳಿಗೊಂದು ನಮೂನೆ ತುಂಬಿ ಮೇಲಿನ ಕಚೇರಿಗೆ ಕಳಿಸಬೇಕು. ಆರೂ ಹಾಳೆ ಸರಿಯಿದ್ದರೆ ಕೆಲಸ ಕಾಯಂ.

ಮೊದಲ ತಿಂಗಳ ಹಾಳೆಯನ್ನು ಅವನು ಅವಳೆದುರಿಗೇ ತುಂಬಿದ. ಎಂಟು ಕಾಲಂ ಯೋಚಿಸಿ ಯೋಚಿಸಿ ಬರೆದ. ಒಂಬತ್ತನೆಯದು, 'ಈ ನೌಕರರೊಂದಿಗೆ ತಮಗೆ ಸ್ವಂತ ಸಂಬಂಧವೇನಾದರೂ ಇದೆಯೇ?'

'ಇಲ್ಲ' ಎಂದು ಇಂಕಿನಲ್ಲಿ ಸರ್ರನೆ ಗೀಚಿದ.

ಅಷ್ಟು ಬೇಗನಾ, ಎನ್ನಿಸಿತು ಅವಳಿಗೆ. ಯಾಕೆ ಹಾಗನ್ನಿಸಿತೆಂದು ಅವಳಿಗೂ ತಿಳಿಯಲಿಲ್ಲ.

ಕಚೇರಿಯಲ್ಲಿ ಅವನನ್ನು ಎಲ್ಲರೂ ಪೆನ್ಸಿಲ್ ಎನ್ನುತ್ತಿದ್ದರು. ಯಾರ ತಪ್ಪನ್ನೂ ಕೆಂಪು ಇಂಕಿನಲ್ಲಿ ಸುತ್ತುತ್ತಿರಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣ ಗೀಟು ಎಳೆದು ಹಿಂದಿರುಗಿಸುತ್ತಿದ್ದ. ತಿದ್ದಿಕೊಂಡವರು ಗೀಟನ್ನು ಅಳಿಸಿಬಿಟ್ಟರೆ ಆಯಿತು, ತಪ್ಪಾಗಿದ್ದು ಇನ್ನೊಬ್ಬರಿಗೆ ಗೊತ್ತಾಗುವ ಹಾಗಿಲ್ಲ. ಅವಳಿಗೂ ಒಂದು ಹೊಸ ಪೆನ್ಸಿಲ್ ಕೊಟ್ಟಿದ್ದ.

ಹತ್ತನೇ ದಿನ ಒಂದು ಅಂಕಪಟ್ಟಿ ಕೊಟ್ಟು, "ಇದರಲ್ಲೇನು ಮೋಸ ಇದೆ ಹೇಳಿ" ಎಂದ.

ಅವಳು ತಿರುಗಿಸಿ ಮುರುಗಿಸಿ ನೋಡಿದಳು. "ಏನೂ ಇಲ್ವಲ್ಲ ಸಾರ್?"

"ನೇರ ನೋಡ್ಬೇಡಿ. ಬೆಳಕಿಗೆ ಓರೆಯಾಗಿ ಹಿಡೀರಿ. ಅಕ್ಷರ ಅಳಿಸ್ಬಹುದು, ಒತ್ತಿ ಬರೆದ ಗುರುತು ಕಾಗದದಲ್ಲಿ ಉಳಿಯುತ್ತೆ."

ಓರೆ ಹಿಡಿದಳು. ಅರವತ್ತೆಂಟರ ಕೆಳಗೆ ಮೂವತ್ತೆಂಟು ಮೆಲ್ಲಗೆ ಎದ್ದುಬಂತು. "ಅಯ್ಯೋ!" ಎಂದು ಕೂಗಿಬಿಟ್ಟಳು. ಅವನು ನಕ್ಕ. ನಕ್ಕರೆ ಮನುಷ್ಯ ಬೇರೆಯೇ ಕಾಣುತ್ತಾನೆ ಎಂಬುದೂ ಅವತ್ತೇ ಗೊತ್ತಾಯಿತು.

ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾ ಅಮ್ಮ ದಿನಾ ಕೇಳುತ್ತಿದ್ದಳು, "ಆ ಪೆನ್ಸಿಲ್ಲು ಇವತ್ತೇನಂದ?"

"ಏನಂದ್ರು ಅನ್ನಮ್ಮಾ!"

"ನಿಂಗೆ ಸಾರ್ ಇರಬಹುದು, ನಂಗೇನು? ದಿನಕ್ಕೆ ಹತ್ತು ಸಲ ಅವನ ಸುದ್ದಿ ಹೇಳೋಳು ನೀನು."

ಹತ್ತು ಸಲವೇ? ಅವಳು ಬಾಯಿ ಮುಚ್ಚಿಕೊಂಡಳು. ಲೆಕ್ಕ ಹಾಕಿದರೆ ಅಮ್ಮ ಕಡಿಮೆಯೇ ಹೇಳಿದ್ದಳು.

ಮೂರನೇ ತಿಂಗಳಲ್ಲಿ ಎಡವಟ್ಟಾಯಿತು. ಪದವಿ ಪ್ರಮಾಣಪತ್ರಗಳಿಗೆ ಉಬ್ಬು ಸೀಲು ಒತ್ತುವ ಕೆಲಸ. ಸೀಲು ದುಂಡಗಿನದು, ತಲೆ ಯಾವುದು ಕಾಲು ಯಾವುದು ಮೇಲಿನಿಂದ ತಿಳಿಯುವುದಿಲ್ಲ. ಅದಕ್ಕೆಂದೇ ತಲೆಯ ಕಡೆಗೆ ಅವನೊಂದು ಕೆಂಪು ಚುಕ್ಕೆ ಇಟ್ಟಿದ್ದ. ಯಂತ್ರ ಕೊಳೆಯಾಗಿದೆಯೆಂದು ಅವಳು ಅಕ್ಕರೆಯಿಂದ ಒರೆಸಿದಳು, ಚುಕ್ಕೆಯನ್ನೂ ಒರೆಸಿಬಿಟ್ಟಳು. ಆಮೇಲೆ ಮೂವತ್ತೆಂಟು ಪ್ರಮಾಣಪತ್ರಕ್ಕೆ ಸೀಲನ್ನು ತಲೆಕೆಳಗಾಗಿ ಒತ್ತಿದಳು.

ಅದು ಕಂಡಾಗ ಕಣ್ಣಲ್ಲಿ ನೀರು ತುಂಬಿಕೊಂಡೇ ಅವನ ಮೇಜಿಗೆ ಹೋಗಿ ಕಟ್ಟು ಇಟ್ಟಳು.

"ಸಾರ್... ಮೂವತ್ತೆಂಟು ಹಾಳು ಮಾಡ್ದೆ. ನಾನೇ."

ಅವನು ಎಣಿಸಿದ. ಬೈಯಲಿಲ್ಲ. ಅಧಿಕಾರಿಯ ಕೋಣೆಗೆ ಜೊತೆಯಲ್ಲೇ ಬಂದು, "ಮೊದಲ ಹಾಳೆ ನಾನು ನೋಡ್ಬೇಕಿತ್ತು, ನೋಡ್ಲಿಲ್ಲ" ಎಂದ. ಮುಂದಿನ ಎರಡು ಮಧ್ಯಾಹ್ನ ಇಬ್ಬರೂ ಕೂತು ಮೂವತ್ತೆಂಟನ್ನೂ ಹೊಸದಾಗಿ ಮುದ್ರಿಸಿದರು.

"ನಾನು ಸೇರಿದ ವರ್ಷ ಏನ್ಮಾಡಿದ್ದೆ ಗೊತ್ತಾ?" ಎಂದ ಅವನು. "ಅವಳಿಗಳಿದ್ರು. ಅಣ್ಣನ ಪ್ರಮಾಣಪತ್ರಕ್ಕೆ ತಮ್ಮನ ಫೋಟೋ, ತಮ್ಮಂದಕ್ಕೆ ಅಣ್ಣಂದು."

"ಆಮೇಲೆ?"

"ಅವರಮ್ಮನೇ ಬಂದು ಬೈದ್ರು. 'ಹೆತ್ತೋಳು ನಾನೇ ಒಂದೊಂದ್ಸಲ ತಪ್ತೀನಿ, ಅದಕ್ಕೇ ನಿನ್ನ ಇಷ್ಟಕ್ಕೇ ಬಿಟ್ಟಿದೀನಿ' ಅಂದ್ರು."

ಅವಳು ಹೊಟ್ಟೆ ಹಿಡಿದು ನಕ್ಕಳು. ನಗುತ್ತಾ ಕಣ್ಣೊರೆಸಿಕೊಂಡಾಗ ಅವನು ತನ್ನನ್ನೇ ನೋಡುತ್ತಿದ್ದುದು ಕಂಡಿತು. ತಕ್ಷಣ ಇಬ್ಬರೂ ಕಾಗದ ಜೋಡಿಸತೊಡಗಿದರು. ಜೋಡಿಸಿಟ್ಟಿದ್ದ ಕಾಗದವನ್ನೇ.

'ಇವರಂದ್ರೆ ನಂಗಿಷ್ಟ...' ಮನೆಯ ದಾರಿಯುದ್ದಕ್ಕೂ ಇದೊಂದೇ ಮಾತು ಅವಳ ತಲೆಯಲ್ಲಿತ್ತು.

ಸೋಮವಾರ ಬೆಳಿಗ್ಗೆ ಮೇಜಿನ ಮೇಲೆ ಮೇಲಿನ ಕಚೇರಿಯ ಪತ್ರ ಕಾದಿತ್ತು. ಅವಳ ಮಾರ್ಗದರ್ಶಿಯನ್ನು ಅವರದೇ ಕೋರಿಕೆಯಂತೆ ಬದಲಿಸಲಾಗಿದೆ. ಅವರು ಕೊಟ್ಟ ಕಾರಣ: 'ಈ ನೌಕರರಿಗೆ ಮಾರ್ಗದರ್ಶನ ಮಾಡುವುದು ನನ್ನಿಂದ ಸಾಧ್ಯವಿಲ್ಲ.'

ಮೂರು ಸಲ ಓದಿದಳು. ಎದುರಿಗೆ ನಗಿಸಿ, ಬೆನ್ನ ಹಿಂದೆ ಹೀಗೆ ಬರೆದನೇ? ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಕೆಲಸ ಹೋದರೆ ಹೋಗಲಿ, ಇವನ ಕಣ್ಣಲ್ಲಿ ತಾನು ಕೈಲಾಗದವಳಾದೆನಲ್ಲ!

ನೇರ ಹೋಗಿ ಅವನು ಕೊಟ್ಟಿದ್ದ ಪೆನ್ಸಿಲನ್ನು ಅವನ ಮೇಜಿನ ಮೇಲಿಟ್ಟಳು.

"ಇದು ನಿಮ್ಮದು. ಇಟ್ಕೊಳ್ಳಿ" ಎಂದ, ಸಣ್ಣ ದನಿಯಲ್ಲಿ.

"ನನ್ನಂಥೋಳಿಗೆ ಕಲಿಸೋಕೆ ಆಗಲ್ಲ ಅಂದ್ರಲ್ಲ ಸಾರ್, ಪೆನ್ಸಿಲ್ ಯಾಕೆ?"

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕಾಯಲಿಲ್ಲ.

ಹೊಸ ಮಾರ್ಗದರ್ಶಿಯಾಗಿ ಬಂದವರು ರವಾನೆ ವಿಭಾಗದ ಮೇಲ್ವಿಚಾರಕಿ. ನಿವೃತ್ತಿಗೆ ಎರಡು ವರ್ಷ ಉಳಿದ, ಎಲ್ಲರೂ ಅಕ್ಕ ಎನ್ನುವ ಹೆಂಗಸು. ಮುಂದಿನ ಮೂರು ತಿಂಗಳು ಹೊಸಬಳು ಹಟ ಹಿಡಿದು ದುಡಿದಳು. ಒಂದು ಕಾಗುಣಿತವೂ ತಪ್ಪಲಿಲ್ಲ. ಅವನ ಮೇಜಿನ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಆದರೂ ಅವನು ಯಾವ ದಿನ ಊಟದ ಡಬ್ಬಿ ತಂದಿಲ್ಲ, ಯಾವ ದಿನ ಕೆಮ್ಮುತ್ತಿದ್ದಾನೆ ಎಂಬುದೆಲ್ಲ ಅವಳಿಗೆ ಗೊತ್ತಾಗುತ್ತಲೇ ಇತ್ತು. ಮನೆಯಲ್ಲಿ ಅಮ್ಮ ಪೆನ್ಸಿಲ್ಲಿನ ಸುದ್ದಿ ಕೇಳುವುದನ್ನು ಬಿಟ್ಟಿದ್ದಳು.

ಆರು ತಿಂಗಳು ಮುಗಿದು ಕಾಯಂ ಆದೇಶ ಬಂತು. ಅಕ್ಕ ಫೈಲನ್ನು ಮುಂದಿಟ್ಟರು.

"ಆರೂ ಹಾಳೆ ಓದಿ ಕೆಳಗೆ ಸಹಿ ಹಾಕಮ್ಮ. ಅಲ್ಲಿಗೆ ನಿಂದು ಮುಗೀತು."

ಒಂದು, ಎರಡು. ಒಂಬತ್ತನೇ ಕಾಲಂನಲ್ಲಿ 'ಇಲ್ಲ', 'ಇಲ್ಲ'. ಮೂರನೆಯದಕ್ಕೆ ಬಂದಾಗ ಕೈ ತಾನಾಗಿ ನಿಂತಿತು. ಸೀಲಿನ ಅವಾಂತರ ಮುಗಿದ ಮೇಲೆ, ಶುಕ್ರವಾರದ ತಾರೀಕಿನಲ್ಲಿ ಬರೆದ ಹಾಳೆ. ಕೆಲಸದ ಗುಣಮಟ್ಟ: 'ಉತ್ತಮ. ತಪ್ಪಾದರೆ ತಾನೇ ಬಂದು ಹೇಳುವ ಧೈರ್ಯವಿದೆ. ಕಾಯಂ ಮಾಡಲು ಎಲ್ಲ ರೀತಿಯಿಂದ ಯೋಗ್ಯರು.'

ಹಾಗಾದರೆ... ಸಾಧ್ಯವಿಲ್ಲ ಎಂದು ಬರೆದದ್ದು ಯಾಕೆ?

ಒಂಬತ್ತನೇ ಕಾಲಂ ಖಾಲಿ. ಆದರೆ ಕಾಗದ ಅಲ್ಲಿ ಮಾತ್ರ ಸವೆದು ಜುಂಗುಜುಂಗಾಗಿತ್ತು. ಅವಳು ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಳು.

'ಇಲ್ಲ.' ಅದರ ಮೇಲೆ 'ಇದೆ.' ಮತ್ತೆ 'ಇಲ್ಲ.' ಎಲ್ಲಕ್ಕಿಂತ ಒತ್ತಿ ಬರೆದದ್ದು, ಮತ್ತೆ 'ಇದೆ.'

ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಬರೆದು, ಅಳಿಸಿದ್ದ.

"ಅಕ್ಕಾ... ಇದೆ ಅಂತ ಬರೆದಿದ್ರೆ ಏನಾಗ್ತಿತ್ತು?"

ಅಕ್ಕ ಕನ್ನಡಕದ ಮೇಲಿಂದ ನೋಡಿದರು. "ನಿನ್ನ ಮೂರು ತಿಂಗಳೂ ರದ್ದು. ಪಕ್ಷಪಾತ ಅಂತ ವಿಚಾರಣೆ. ಕಚೇರಿ ತುಂಬ ನಿನ್ನ ಹೆಸರು. ಇಲ್ಲ ಅಂತ ಬರೀಬಹುದಿತ್ತು, ಯಾರು ನೋಡ್ತಿದ್ರು? ಆದ್ರೆ ಆ ಪೆನ್ಸಿಲ್ಲಿಗೆ ಫಾರಂ ಮೇಲೆ ಸುಳ್ಳು ಬರೆಯೋಕೆ ಬರಲ್ಲ ಕಣಮ್ಮ. 'ಬೈಸ್ಕೊಂಡ್ರೂ ಪರವಾಗಿಲ್ಲ, ಅವರ ಕೆಲಸ ಉಳೀಲಿ ಅಕ್ಕ' ಅಂದ. ನಿನ್ನದು ಕಾಯಂ ಆಗೋವರೆಗೂ ಬಾಯಿ ಬಿಡಬೇಡಿ ಅಂತ ನನ್ನಿಂದ ಮಾತೂ ತಗೊಂಡ."

ಅವಳಿಗೆ ಅಳು ಬಂತು, ಸಿಟ್ಟೂ ಬಂತು. 'ಮೂರು ತಿಂಗಳು! ಮೂರು ತಿಂಗಳು ಮುಖ ತಿರುಗಿಸ್ಕೊಂಡು ಓಡಾಡಿದೆನಲ್ಲ...'

"ಅಕ್ಕಾ, ಒಂದು ಖಾಲಿ ನಮೂನೆ ಕೊಡಿ."

"ಯಾಕೆ?"

"ಕೊಡಿ ಅಕ್ಕಾ!"

ಸಂಜೆ ನಾಲ್ಕೂ ಮುಕ್ಕಾಲು. ಕಿಟಕಿಯ ಮುಂದೆ ಇನ್ನೂ ಎಂಟು ಜನ ಇದ್ದರು. ಅವಳು ಹೊರಗಿನಿಂದ ಸುತ್ತಿ ಬಂದು ಸಾಲಿನಲ್ಲಿ ನಿಂತಳು. ಸರದಿ ಬಂತು.

"ಅರ್ಜಿ ಎಲ್ಲಿ?" ಎಂದ, ತಲೆ ಎತ್ತದೆ.

ಅವಳು ಹಾಳೆ ಒಳಗೆ ತಳ್ಳಿದಳು. ಎಂಟು ಕಾಲಂ ಖಾಲಿ. ಒಂಬತ್ತನೆಯದರಲ್ಲಿ ಮಾತ್ರ ಬರೆದಿತ್ತು, ಇಂಕಿನಲ್ಲಿ: 'ಇದೆ.'

ಅವನು ಓದಿದ. ತಲೆ ಎತ್ತಿದ. ಮೊದಲ ದಿನದ ಹಾಗೆಯೇ ಕಿವಿ ಕೆಂಪಾಯಿತು.

"ಇದು... ಮೇಲಿನ ಕಚೇರಿಗೆ ಕಳಿಸೋದಾ?"

"ಅಲ್ಲ. ಇದು ಈ ಕಿಟಕಿಗೇ."

"ಇಂಕಲ್ಲಿ ಬರೆದಿದೀರಿ."

"ಅಳಿಸೋರ ಕೈಗೆ ಕೊಡೋವಾಗ ಇಂಕಲ್ಲೇ ಬರೀಬೇಕು ಸಾರ್. ಓರೆ ಹಿಡಿದು ಓದೋದು ಕಷ್ಟ. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಕೆಲಸ ಬಿಟ್ಟಾದ್ರೂ ಜಗಳಕ್ಕೆ ನಿಲ್ತಿದ್ರಿ. ಅಷ್ಟು ಗೊತ್ತಿತ್ತು ನಂಗೆ." ಅವನು ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ. ಮೂವತ್ತೆಂಟು ಹಾಳು ಮಾಡ್ದೆ, ನಾನೇ ಅಂತ ಬಂದು ನಿಂತ್ರಲ್ಲ... ಅವತ್ತಿಂದ."

"ಮೇಡಂ, ನಿಮ್ದು ಮುಗೀತಾ?" ಹಿಂದಿನಿಂದ ಒಬ್ಬ ವಿದ್ಯಾರ್ಥಿ ಕೇಳಿದ.

"ಒಂದ್ನಿಮಿಷ ಇರಪ್ಪ, ನಂದು ಮೂರು ತಿಂಗಳಿಂದ ಬಾಕಿ ಇದೆ!"

ಅವನು ಡ್ರಾಯರ್ ಎಳೆದು ಅವಳು ಹಿಂದಿರುಗಿಸಿದ್ದ ಪೆನ್ಸಿಲನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಅದನ್ನವನು ಮತ್ತೆ ಹೆರೆದೇ ಇರಲಿಲ್ಲ.

"ಐದೂವರೆಗೆ ಕಿಟಕಿ ಮುಚ್ಚುತ್ತೆ. ಅಲ್ಲೀವರೆಗೂ ಕಾಯ್ತೀರಾ?"

"ನಿಮ್ಮ ದಯೆಯಿಂದ ಇಲ್ಲಿ ನಲವತ್ತು ನಿಮಿಷ ನಿಂತು ಅಭ್ಯಾಸ ಇದೆ ಸಾರ್."

"ಇನ್ನೂ ಸಾರ್ ಅಂತಾನೇ ಕರೀತೀರಾ?"

ಅವಳು ಪೆನ್ಸಿಲ್ ಎತ್ತಿಕೊಂಡು ಕಿವಿಯ ಸಂದಿಗೆ ಸಿಕ್ಕಿಸಿಕೊಂಡಳು.

"ಕಿಟಕಿ ಮುಚ್ಚೋವರೆಗೂ ಸಾರೇ. ಆಮೇಲೆ ಹೊರಗೆ ಬನ್ನಿ... ಹೇಳ್ತೀನಿ."