ಈರುಳ್ಳಿ ಲಾರಿ ಮತ್ತು ಶಿವಾನಿಯ ಬೂಟು

"ನಾಗಕ್ಕ, ನನ್ ಮಗ್ಳು ಶಿವಾನಿದು ಬೂಟು ಕದ್ಬುಟ್ರು ಕಣಕ್ಕ. ನಾಳೆ ಚಾಮರಾಜನಗರದಲ್ಲಿ ಓಟ ಅದೆ."

ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರಿ ಗುರುಪಾದಸ್ವಾಮಿ ನಮ್ಮ ಜಗಲಿಯಲ್ಲಿ ಕುಸಿದು ಕೂತಾಗ ನನ್ನ ಸೋದರತ್ತೆ ನಾಗಲಕ್ಷ್ಮಿ ಅವರೆಕಾಯಿ ಸುಲಿಯುತ್ತಿದ್ದರು. ಅತ್ತೆ ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದರೂ ಊರಿನ ಕಳವುಗಳು ಅವರನ್ನು ಬಿಟ್ಟಿರಲಿಲ್ಲ. ನಾನಂತೂ ಆಗಲೇ ಚಪ್ಪಲಿ ಮೆಟ್ಟಿದ್ದೆ. ಅಜ್ಜಿಯ ಕತೆಯಲ್ಲಿ ರಾಕ್ಷಸನ ಜೀವ ಗಿಳಿಯೊಳಗೆ ಅಡಗಿರುತ್ತಿತ್ತು. ಈ ಬೂಟು ಯಾವ ಪಂಜರದಲ್ಲಿದೆಯೋ ಎಂದುಕೊಂಡು ಅತ್ತೆಗಿಂತ ಮೊದಲೇ ಜಗಲಿ ಇಳಿದೆ.

ಗುರುಪಾದಸ್ವಾಮಿಯ ಮಂಡಿಯ ಅಂಗಳದಲ್ಲಿ ಈರುಳ್ಳಿ ತುಂಬಿದ ಲಾರಿ ನಿಂತಿತ್ತು. ಡ್ರೈವರ್ ಮಾದೇಶ್ ಟಾರ್ಪಾಲಿಗೆ ಹಗ್ಗ ಬಿಗಿಯುತ್ತಿದ್ದ. ನಾಳೆ ಬೆಳಗ್ಗೆ ಕೇರಳಕ್ಕೆ ಹೊರಟು ನಾಡಿದ್ದು ವಾಪಸಂತೆ. ಲಾರಿಯ ಹಿಂದೆ ದೃಷ್ಟಿಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ, ಕೆಸರು ಮೆತ್ತಿದ ಎರಡು ಬೂಟು ತೂಗುತ್ತಿದ್ದವು.

ಕಳುವಾದದ್ದು ತಳದಲ್ಲಿ ಮೊಳೆಗಳಿರುವ ಓಟದ ಬೂಟು, ಮೈಸೂರಿನಿಂದ ತರಿಸಿದ್ದು. ಗುರುಪಾದಸ್ವಾಮಿಗೆ ಅನುಮಾನ ಅದೇ ಊರಿನ ಸೋಮೇಶನ ಮೇಲೆ. ಅವನ ಮಗಳು ಮೀನಾ ಪ್ರತಿ ಓಟದಲ್ಲೂ ಶಿವಾನಿಯ ಹಿಂದೆ ಎರಡನೆಯವಳು. ಇಲ್ಲವೇ ನಿನ್ನೆ ತಮ್ಮಿಂದ ಬೈಸಿಕೊಂಡ ಮಾದೇಶ್ ಇರಬೇಕು.

ಶಿವಾನಿ ಮಾತ್ರ ಏನನ್ನೂ ಹುಡುಕದೆ, ಮೂಟೆಯ ಮೇಲೆ ಕೂತು ಓರಗೆಯ ಗೆಳತಿ ಕುಮಾರಿಗೆ ಎಂಟನೇ ತರಗತಿಯ ಲೆಕ್ಕ ಹೇಳಿಕೊಡುತ್ತಿದ್ದಳು.

"ಏಳ್ನೇ ಕ್ಲಾಸಿನವಳು ಎಂಟರ ಲೆಕ್ಕ ಮಾಡ್ತಾಳಲ್ಲ?" ಎಂದರು ಅತ್ತೆ.

ತಂದೆ ಹಿಗ್ಗಿದರು. "ಓದ್ನಲ್ಲೂ ಜೋರು ಕಣಕ್ಕ. ಓಟಕ್ಕೆ ಅಂತ ಬೇರೆ ಸ್ಕೂಲಿಗೆ ಸೇರ್ಸಿ, ಇನ್ನೊಂದ್ ವರ್ಸ ಏಳ್ರಲ್ಲೇ ಕೂರ್ಸಿವ್ನಿ. ಚಿಕ್ಕೋರ್ ಜೊತೆ ಓಡುದ್ರೆ ಗೆಲುವು ನಮ್ದೇ ಅಲ್ವಾ? ನಾಳೆ ಗೆದ್ರೆ ಮುಂದಿನ್ ವರ್ಸನೂ ಅಲ್ಲೇ."

ಅತ್ತೆ ಲಾರಿಯನ್ನು ಒಂದು ಸುತ್ತು ಹಾಕಿ ಬಂದರು. ಸಂಜೆ ಸೋಮೇಶ್, ಮೀನಾ, ಎಲ್ಲರನ್ನೂ ಅದರ ಹಿಂದೆಯೇ ಸೇರಿಸಿದರು.

"ಮಾದೇಶ, ಈ ಬೂಟು ಯಾರು ಕಟ್ಟಿದ್ದು?"

"ಧಣೀರೇ ಕಟ್ಸವ್ರೆ ಅನ್ಕೊಂಡೆ ಕಣಕ್ಕ."

"ನಾವೂ ಹಂಗೇ ಅನ್ಕೊಂಡ್ವಿ. ದೃಷ್ಟಿಗೆ ತೂಗೋದನ್ನ ಯಾರು ತಿರುಗಿ ನೋಡ್ತಾರೆ?" ಅತ್ತೆ ಒಂದು ಬೂಟನ್ನು ತಿರುಗಿಸಿದರು. ಕೆಸರಿನೊಳಗೆ ಮೊಳೆಗಳು ಮಿನುಗಿದವು. ಗುರುಪಾದಸ್ವಾಮಿ ಮಾದೇಶನತ್ತ ನುಗ್ಗಿದರು. ಅತ್ತೆ ಕೈ ಅಡ್ಡ ಹಿಡಿದರು.

"ದೃಷ್ಟಿಗೆ ಕಟ್ಟೋದು ಒಂಟಿ ಚಪ್ಪಲಿ. ಯಾವ ಡ್ರೈವರೂ ಜೋಡಿ ಕಟ್ಟಲ್ಲ. ಹಾಳು ಮಾಡೋ ಹಗೆ ಇದ್ದೋರು ಗ್ರೀಸ್ ಬಳೀತಿದ್ರು. ಇದು ತೊಳೆದ್ರೆ ಹೋಗೋ ಕೆಸರು. ಇನ್ನು ಸೋಮೇಶ ಕದ್ದಿದ್ರೆ, ನಾಡಿದ್ದು ಇದೇ ಅಂಗಳಕ್ಕೆ ವಾಪಸ್ ಬರೋ ಲಾರಿಗೆ ಯಾಕೆ ಕಟ್ತಿದ್ದ? ನಾಳೆ ಒಂದಿನ ಮಾತ್ರ ಬೂಟು ಇರಬಾರದು, ಆಮೇಲೆ ಬೇಕು. ಜೋಡಿ ಅಗಲಿಸೋಕೂ ಮನಸ್ಸು ಬರ್ನಿಲ್ಲ. ಅಷ್ಟು ಪ್ರೀತಿ ಅದನ್ನ ಹಾಕ್ಕೊಂಡು ಓಡೋರಿಗಲ್ಲದೆ ಇನ್ಯಾರಿಗೆ?"

ಎಲ್ಲರೂ ಶಿವಾನಿಯನ್ನು ನೋಡಿದರು. ಅವಳು ಕುಮಾರಿಯ ಕೈ ಹಿಡಿದುಕೊಂಡಳು.

"ಗೆದ್ರೆ ಮತ್ತೆ ಏಳ್ನೇ ಕ್ಲಾಸ್ ಅಂದ್ಬುಟ್ರಲ್ಲಪ್ಪ. ಇವ್ಳು ಎಂಟಕ್ಕೆ ಹೋದ್ಲು, ನಾನಿಲ್ಲೇ. ಬೇಕಂತ್ಲೇ ಸೋಲನ ಅಂದ್ರೆ ಟ್ರ್ಯಾಕ್ ಮೇಲೆ ಕಾಲು ನಿಲ್ಲಲ್ಲ. ಅದ್ಕೇ ಬಚ್ಚಿಟ್ಟೆ."

ಗುರುಪಾದಸ್ವಾಮಿ ಮಗಳ ಭುಜದಷ್ಟೂ ಎತ್ತರವಿಲ್ಲದ ಮೀನಾಳನ್ನು ಮೊದಲ ಸಲ ಕಂಡವರಂತೆ ನೋಡಿದರು. ಆಮೇಲೆ ತಾವೇ ಬೂಟು ಬಿಚ್ಚಿ, ನಲ್ಲಿಯ ಕೆಳಗೆ ಹಿಡಿದರು.

"ಸೋಮವಾರ ಎಡ್ಮಾಸ್ಟ್ರತ್ರ ಹೋಗನ ಕಣಮ್ಮಿ. ಎಂಟಕ್ಕೆ ಸೇರ್ಸ್ಕಳಿ ಅಂತ ಕೇಳನ."

ಮರುದಿನ ಚಾಮರಾಜನಗರದಲ್ಲಿ ಶಿವಾನಿ ಓಡಲಿಲ್ಲ. ಹಗ್ಗದಾಚೆ ನಿಂತು ಮೀನಾಳ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಮೀನಾ ಗೆದ್ದಳು. ಮೈದಾನ ಖಾಲಿಯಾದ ಮೇಲೆ ಶಿವಾನಿ ಬೂಟು ಕಟ್ಟಿದಳು. ಕುಮಾರಿ ಬರಿಗಾಲಲ್ಲೇ ಪಕ್ಕದಲ್ಲಿ ನಿಂತಳು. ಅತ್ತೆ ಸೀಟಿ ಊದಿದರು.

ಒಂದು ಮೊಳದ ಅಂತರದಲ್ಲಿ ಕುಮಾರಿ ಗೆದ್ದಳು. ಸೋತ ಶಿವಾನಿ ಹುಲ್ಲಿನ ಮೇಲೆ ಬಿದ್ದು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.