ಬಾಟ್ಲಿ ನೋಡಿಯೂ ಸುಮ್ಮನಿದ್ದವಳು

"ಈ ರಿಪೋರ್ಟ್ ಯಾರಿಗೂ ತೋರಸಬ್ಯಾಡ್ರಿ ಮೇಡಂ... ಕೈ ಮುಗೀತೀನಿ."

ಸಿಂಧನೂರಿನ ಲ್ಯಾಬ್ ಕೌಂಟರ್ ಮುಂದೆ ನಿಂತವನು ಆರಡಿ ಎತ್ತರದ, ದಪ್ಪ ಮೈಯ ಆಳು. ಕಣ್ಣು ಮಾತ್ರ ತುಂಬಿದ್ದವು. ದಿನಕ್ಕೆ ನೂರು ಜನರ ರಕ್ತ ತೆಗೆಯುವ ಟೆಕ್ನೀಷಿಯನ್ ಶಿವಕುಮಾರಿ ಅಷ್ಟು ಸುಲಭಕ್ಕೆ ಕರಗುವವಳಲ್ಲ. ಅವತ್ತು ಕರಗಿದಳು.

ಹೆಸರು ಪಂಪಾಪತಿ, ಊರು ಗೊರೇಬಾಳ, ವಯಸ್ಸು ಇಪ್ಪತ್ತೊಂಬತ್ತು. ಖಾಲಿ ಹೊಟ್ಟೆಯ ಶುಗರ್ ಇನ್ನೂರ ಹದಿನಾಲ್ಕು.

"ಕೊರೋನಾದಾಗ ನಮ್ಮ ಅಪ್ಪ, ದೊಡ್ಡಪ್ಪ ಎಂಟು ದಿನದಾಗ ಇಬ್ಬರೂ ಹೋದ್ರು. ಇಬ್ಬರಿಗೂ ಶುಗರ್ ಇತ್ತು. ಆ ಮನಿ ರಕ್ತನ ಕೆಟ್ಟದ್ದು ಅಂದ್ರು ಮಂದಿ. ಈಗ ನಂದೂ ಗೊತ್ತಾದ್ರ ನನ್ನ ತಂಗೀನ ಯಾರು ಮಾಡ್ಕೊಂತಾರ್ರಿ?"

"ನಾ ಯಾರಿಗೂ ಹೇಳಾಂಗಿಲ್ಲ. ಆದ್ರ ಗುಳಿಗಿ ಶುರು ಮಾಡ್ರಿ," ಎಂದಳು.

ಮುಂದಿನ ಭಾನುವಾರ ಮಸ್ಕಿಯ ಅವಳ ಮನೆಗೆ ಹೆಣ್ಣು ನೋಡಲು ಬಂದ ವರ ಯಾರು ಅಂತೀರಿ? ಅವನೇ!

ಅವಳು ಅವನ ಮುಖ ನೋಡದೆ ಚಹಾದ ತಟ್ಟೆ ಚಾಚಿದಳು. ಅಪ್ಪ ಕರಿಬಸಯ್ಯ ಕೇಳಿಯೇ ಬಿಟ್ಟರು, "ಮನ್ಯಾಗ ಶುಗರ್ ಗಿಗರ್ ಏನಿಲ್ಲಲ್ಲ?"

ಹೆಣ್ಣು ಕೊಡುವವರು ಈಗ ಇದನ್ನು ಕೇಳುವುದು ರೂಢಿ. ಇಲ್ಲ ಅನ್ನುವುದೂ ರೂಢಿಯೇ.

"ನಮ್ಮ ಹುಡುಗ ಗಟ್ಟಿ ಅದಾನ್ರಿ," ಎಂದರು ಪಂಪಾಪತಿಯ ತಾಯಿ ಶೇಖರಮ್ಮ. ಮಗನ ರಿಪೋರ್ಟ್ ವಿಷಯ ಪಾಪ, ಅವರಿಗೂ ಗೊತ್ತಿರಲಿಲ್ಲ.

ಶಿವಕುಮಾರಿ ಬಾಯಿ ಬಿಡಲಿಲ್ಲ. ಮನಸ್ಸು ಆಗಲೇ ಅವನ ಕಡೆ ಹೋಗಿಬಿಟ್ಟಿತ್ತು... ಸಂಬಂಧ ಕುದುರಿತು.

ದಿನಾ ಫೋನು. ದಿನಾ ಅದೇ ಮಾತು.

"ಗುಳಿಗಿ ತಗೊಂಡ್ರಿ?"

"ಅವ್ವ ನೋಡಿದ್ರ ಏನು ಹೇಳಲಿ? ಮದಿವಿ ಆಗಲಿ, ಮ್ಯಾಲ ನೀನ ಕೊಡುವಂತಿ."

ಅಷ್ಟರಲ್ಲಿ ಗೊರೇಬಾಳದ ತುಂಬ ಫ್ಲೂ ಬಂತು. ಎಲ್ಲರೂ ನಾಲ್ಕು ದಿನಕ್ಕೆ ಎದ್ದು ಗದ್ದೆಗೆ ಹೋದರು. ಪಂಪಾಪತಿ ಏಳಲಿಲ್ಲ.

ಅಪ್ಪನ ಜೊತೆ ನೋಡಲು ಹೋದ ಶಿವಕುಮಾರಿ ಬಾಗಿಲಲ್ಲೇ ನಿಂತಳು. ಗೋಡೆಯ ಮೊಳೆಗೆ ಸಲೈನ್ ಬಾಟ್ಲಿ ತೂಗುತ್ತಿತ್ತು.

"ಸುಸ್ತು ಭಾಳ ಐತಿ ಅಂತ ಊರ ಡಾಕ್ಟ್ರು ಗ್ಲೂಕೋಸ್ ಹಾಕ್ಯಾರ. ಇದು ಮೂರನೇದು," ಎಂದರು ಶೇಖರಮ್ಮ.

*ಅಯ್ಯೋ ದೇವರೇ... ಇವರಿಗೆ ಸಕ್ಕರೆಯನ್ನೇ ಏರಿಸಾಕತ್ತಾರ!*

ಪಂಪಾಪತಿ ಅವಳನ್ನೇ ನೋಡಿದ. ಬ್ಯಾಡ ಎನ್ನುವಂತೆ ಮೆಲ್ಲಗೆ ತಲೆ ಅಲ್ಲಾಡಿಸಿದ. ಪಕ್ಕದ ಕುರ್ಚಿಯಲ್ಲಿ ಅಪ್ಪ ಕೂತಿದ್ದರು. ಈಗ ಹೇಳಿದರೆ ಸಂಬಂಧ ಮುರಿಯುತ್ತದೆ... ಶೇಖರಮ್ಮ ಕೊಟ್ಟ ಚಹಾವನ್ನು ಶಿವಕುಮಾರಿ ಕುಡಿದಳು. ಬಾಟ್ಲಿ ಖಾಲಿಯಾಗುವವರೆಗೂ ಸುಮ್ಮನೆ ಕೂತಳು.

ಮರುದಿನ ಬೆಳಿಗ್ಗೆ ಅವನಿಗೆ ಉಸಿರೇ ಸಿಗಲಿಲ್ಲ. ಲಿಂಗಸುಗೂರಿನ ಒಂದು ದವಾಖಾನೆಗೆ ಒಯ್ದು ಆಕ್ಸಿಜನ್ ಹಚ್ಚಿದರು. ಶುಗರ್ ಐನೂರ ನಲವತ್ತು ಇತ್ತು. ಸುದ್ದಿ ತಿಳಿದು ಶಿವಕುಮಾರಿಯೂ ಅಪ್ಪನೂ ಓಡಿ ಬಂದರು.

"ಮೊದಲೇ ಯಾರಿಗೂ ಗೊತ್ತಿರಲಿಲ್ವಾ?" ಡಾಕ್ಟರ್ ಗದರಿದರು.

"ನನಗ ಗೊತ್ತಿತ್ರಿ," ಎಂದಳು ಶಿವಕುಮಾರಿ. ಅಪ್ಪನ ಮುಂದೆಯೇ ಎಲ್ಲವನ್ನೂ ಹೇಳಿದಳು.

ಡಾಕ್ಟರ್ ಶೇಖರಮ್ಮನ ಕಡೆ ತಿರುಗಿದರು. "ಶುಗರ್, ಮೈಭಾರ, ಮೇಲೆ ವಂಶದಿಂದ ಬಂದ ಗುಣ. ಇಂಥವರಿಗೆ ಬರೀ ಫ್ಲೂ ಕೂಡ ಶ್ವಾಸಕೋಶಕ್ಕೆ ಇಳಿಯಬಹುದು. ನಿಮ್ಮ ರಕ್ತ ಕೆಟ್ಟದ್ದಲ್ಲಮ್ಮ. ಮುಚ್ಚಿಟ್ಟದ್ದು ಕೆಟ್ಟದ್ದು."

ಶೇಖರಮ್ಮ ಶಿವಕುಮಾರಿಯ ಮುಖ ನೋಡಿದರು. "ಕಂಡೂ ಕಂಡೂ ಚಹಾ ಕುಡಕೊಂತ ಕುಂತಿದ್ದೇನವಾ?"

ಆಮೇಲೆ ಅವಳು ಚಹಾ ಮುಟ್ಟಲಿಲ್ಲ, ದವಾಖಾನೆ ಕಡೆಯೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಬೇಕು? ಅವನು ಬದುಕಿದ ಸುದ್ದಿ ಅಪ್ಪನಿಂದ ಗೊತ್ತಾಯಿತು. ಅವನಿಂದ ಒಂದು ಫೋನೂ ಇಲ್ಲ... ಬೇಡವಾಗಿದ್ದೇನೆ ಅಂದುಕೊಂಡಳು.

ಮೂರು ವಾರಕ್ಕೆ ಅರ್ಧ ಇಳಿದುಹೋಗಿದ್ದ ಪಂಪಾಪತಿ ಮಸ್ಕಿಗೆ ಬಂದು ಕರಿಬಸಯ್ಯನವರ ಮುಂದೆ ನಿಂತ.

"ನಂಗ ಶುಗರ್ ಐತ್ರಿ. ಅಪ್ಪಗೂ ಇತ್ತು. ಮುಚ್ಚಿಟ್ಟಾವ ನಾನು. ಇಷ್ಟು ದಿನ ಫೋನ್ ಮಾಡಾಕೂ ನಾಚಿಕಿ ಆತು. ಸಂಬಂಧ ಬ್ಯಾಡ ಅಂದ್ರ ಹೊಳ್ಳಿ ಹೋಗತೀನಿ."

ಕರಿಬಸಯ್ಯ ಬಾಗಿಲಲ್ಲಿ ನಿಂತ ಮಗಳತ್ತ ನೋಡಿದರು. "ಅಕಿನ್ನ ಕೇಳಪಾ," ಎಂದು ಎದ್ದು ಹೊರಗೆ ಹೋದರು.

"ಸಂಬಂಧ ಉಳಸಾಕ ಹೋಗಿ ನಿಮ್ಮ ಜೀವಾನ ತಗೀತಿದ್ದೆ ನಾ," ಶಿವಕುಮಾರಿ ಬಿಕ್ಕಿದಳು.

"ಹೇಳಬ್ಯಾಡ ಅಂತ ತಲಿ ಅಲ್ಲಾಡಿಸಿದಾವ ನಾನ ಅಲ್ಲೇನು?"

"ನೀವು ಜ್ವರದಾಗಿದ್ರಿ. ನನಗೇನಾಗಿತ್ತು?"

"ಅವ್ವ ಇನ್ನೂ ಸಿಟ್ಟಿನಾಗ ಅದಾಳ."

"ಇರಲಿ. ನನಗೂ ನನ್ನ ಮ್ಯಾಲ ಸಿಟ್ಟು ಹೋಗಿಲ್ಲ."

"ನಂದು ಹೋಗೇತಿ ಶಿವಾ. ನಿಂದೂ ಹೋಗಲಿ," ಎಂದು ಅವಳ ಕೈ ಹಿಡಿದ. "ಮದಿವಿ ಊಟದಾಗ ನಾ ಬೆಲ್ಲದ ಹುಗ್ಗಿ ಮುಟ್ಟಾಂಗಿಲ್ಲ. ಯಾಕ ಅಂತ ಪಂಕ್ತಿಯೆಲ್ಲ ಕೇಳತೈತಿ."

ಅವಳು ಕಣ್ಣೊರೆಸಿಕೊಂಡಳು.

"ಕೇಳಲಿ ಬಿಡ್ರಿ. ನಾ ಹೇಳತೀನಿ."