ಬಲಕ್ಕೆ ಹೊಲ, ಎಡಕ್ಕೆ ಜಗತ್ತು

"ನೀವು ಅಳೆದಿದ್ದು ಹಾಲವ್ವನ ಹೊಲಾನೋ, ಇಡೀ ಭೂಗೋಳಾನೋ?"

ಬೀಳಗಿಯ ಕಬ್ಬು ಸರ್ವೇ ಆಫೀಸಿನಲ್ಲಿ ಎಲ್ಲರೆದುರು ಲ್ಯಾಪ್‌ಟಾಪ್ ತಿರುಗಿಸಿ ಕಲ್ಮೇಶ ನಕ್ಕಾಗ ಪೂರ್ಣಿಮಾಗೆ ಮೈಯೆಲ್ಲ ಉರಿಯಿತು. ಬನಹಟ್ಟಿಯ ನೇಕಾರರ ಮನೆಯ ಹುಡುಗಿ. ಮೂರು ತಿಂಗಳು ಜಿಪಿಎಸ್ ಹಿಡಿದು ಬದುವಿನ ಮೇಲೆ ನಡೆದು ಇನ್ನೂರ ಹನ್ನೆರಡು ಹೊಲಗಳ ಗಡಿ ಗುರುತಿಸಿದವಳು. ಇವನೋ ಡೇಟಾಬೇಸ್ ನೋಡಿಕೊಳ್ಳಲು ಬಂದು ಇನ್ನೂ ವಾರವಾಗಿಲ್ಲ.

ಪರದೆಯ ಮೇಲೆ ಹುನ್ನೂರಿನ ಹಾಲವ್ವನ ಎರಡೆಕರೆ ಮಾತ್ರ ಬಿಳಿಯಾಗಿ ಉಳಿದು, ಮಿಕ್ಕ ಜಗತ್ತೆಲ್ಲ ಕಬ್ಬಿನ ಹಸಿರಾಗಿತ್ತು. ಪೂರ್ಣಿಮಾ ಅಳೆದ ಅಷ್ಟೂ ಹೊಲಗಳದ್ದು ಇದೇ ಕಥೆ.

ಮ್ಯಾನೇಜರ್ ರಾಜಕುಮಾರ ನಗಲಿಲ್ಲ. "ನಾಳೆ ಸಂಜಿತನಕ ಟೈಮ್ ಐತಿ. ಸರಿ ಆಗಲಿಲ್ಲಂದ್ರ ಈ ಸರ್ವೇ ರದ್ದು, ನಿಮ್ಮ ಕೆಲಸಾನೂ ಮುಗೀತು."

ಪೂರ್ಣಿಮಾ ಕಲ್ಮೇಶನತ್ತ ತಿರುಗಿದಳು. "ಫ್ಯಾನಿನ ಕೆಳಗ ಕುಂತು ನಗೂದು ಸಲೀಸ ಐತ್ರಿ. ನನ್ನ ಕೂಡ ಬಂದು ಒಂದು ಹೊಲಾ ಸುತ್ತರಿ, ನೋಡೂಣು."

ಮರುದಿನ ಬೆಳಿಗ್ಗೆ ಹುನ್ನೂರಿಗೆ ಅವನು ಖರೇನೇ ಬಂದ. ಕಬ್ಬಿನ ಎಲೆ ಕೈ ಗೀರಿದರೂ ಬಿಡದೆ ಹಿಂದೆ ಹಿಂದೆ ನಡೆದ. ಅವಳು ತಿರುಗಿದಾಗಲೆಲ್ಲ ಅವನ ಕಣ್ಣು ತನ್ನ ಮೇಲೇ ಇರುತ್ತಿತ್ತು.

"ಹೊಲಾ ನೋಡ್ರಿ, ನನ್ನಲ್ಲ."

"ಹೊಲಾನ ಹುಡಕಾಕತ್ತೇನಿ. ಅದು ನಿಮ್ಮ ಬಲಕ್ಕೈತಿ." ಅವನು ಥಟ್ಟನೆ ನಿಂತ. "ಯಾವಾಗ್ಲೂ ಬಲಕ್ಕ ಇಟಗೊಂಡ ನಡೀತೀರೇನ್ರಿ?"

"ಹೂಂನ್ರಿ. ಮೊದಲನೇ ದಿನಾನ ಹಾಲವ್ವ ಹೇಳಿದ್ಲು. ಭೂಮ್ತಾಯಿನ್ನ ಎಡಕ್ಕ ಬಿಟ್ಟು ಸುತ್ತಬಾರದು, ಗುಡಿ ಸುತ್ತಿದಂಗ ಸುತ್ತು ಅಂತ. ಎಲ್ಲಾ ಹೊಲಾನೂ ಹಂಗ ಸುತ್ತೇನಿ."

ಕಲ್ಮೇಶ ಬದುವಿನ ಮೇಲೇ ಕುಸಿದು ಕೂತು ಕಡ್ಡಿಯಿಂದ ಮಣ್ಣಿನಲ್ಲಿ ಚೌಕ ಗೀಚಿದ. "ನಮ್ಮ ಡೇಟಾಬೇಸ್ ಭಾಳ ಮೊಂಡ ಐತ್ರಿ. ಗಡಿ ಹಿಡದು ನಡಿಯೂಮುಂದ ಎಡಕ್ಕ ಏನಿರತೈತೋ ಅದನ್ನ ಹೊಲಾ ಅಂತೈತಿ. ನೀವು ಪ್ರದಕ್ಷಿಣಿ ಹಾಕೀರಿ. ನಿಮ್ಮ ಎಡಕ್ಕ ಉಳದದ್ದು ಇಡೀ ಜಗತ್ತು!"

"ಅಂದ್ರ ತಪ್ಪು ನಂದು?"

"ಒಂದು ಹೆಜ್ಜಿನೂ ತಪ್ಪಿಲ್ಲ. ಡೇಟಾ ಹಾಕ್ಕೊಳ್ಳೂಮುಂದ ದಿಕ್ಕು ನೋಡೂದು ನನ್ನ ಕೆಲಸ ಇತ್ತು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತು."

"ನಾ ಎಮ್ಮಿ ಏನ್ರಿ?"

ಅವನ ಮುಖ ಕೆಂಪೇರಿತು. ಅವಳಿಗೆ ನಗು ತಡೆಯಲಾಗಲಿಲ್ಲ. ನಿನ್ನೆಯಿಂದ ಎದೆಯಲ್ಲಿ ಕೂತಿದ್ದ ಸಿಟ್ಟು ಆ ನಗೆಯಲ್ಲಿ ಹೋಗೇಬಿಟ್ಟಿತು.

ಸಂಜೆ ಆಫೀಸಿನಲ್ಲಿ ಎಲ್ಲರೂ ಸುತ್ತ ನಿಂತರು. ಪ್ರತಿ ಗಡಿಯ ಬಿಂದುಗಳನ್ನು ಕೊನೆಯಿಂದ ಮೊದಲಿಗೆ ತಿರುಗಿಸುವ ನಾಲ್ಕು ಸಾಲು ಕೋಡ್ ಬರೆದು ಕಲ್ಮೇಶ ಕೀಲಿ ಒತ್ತಿದ. ಜಗತ್ತು ಬಿಳಿಯಾಯಿತು. ಇನ್ನೂರ ಹನ್ನೆರಡು ಹೊಲಗಳು ಒಂದೊಂದಾಗಿ ಹಸಿರಾದವು. ರಾಜಕುಮಾರ ಹೊಲಗಳ ಪಹಣಿ ಉತಾರ ತೆಗೆದು ವಿಸ್ತೀರ್ಣ ಹೋಲಿಸಿದ. ಒಂದು ಗುಂಟೆಯೂ ಹೆಚ್ಚುಕಡಿಮೆ ಇರಲಿಲ್ಲ.

"ಸರ್, ಎಲ್ಲಾರ ಮುಂದ ನಕ್ಕಿದ್ನಿ, ಎಲ್ಲಾರ ಮುಂದ ಹೇಳ್ತೇನಿ," ಅಂದ ಕಲ್ಮೇಶ. "ತಪ್ಪು ನಂದು. ಇಷ್ಟು ಛಲೋ ಸರ್ವೇ ನಾ ಎಲ್ಲೂ ನೋಡಿಲ್ಲ."

"ಬಾಡಗಂಡಿ ಊರಿನ ಕಡೀ ಹೊಲಾನೂ ಇವರೇ ಅಳತಿ ಮಾಡ್ಲಿ," ಅಂದ ರಾಜಕುಮಾರ. ಪೂರ್ಣಿಮಾ ಗೆದ್ದಿದ್ದಳು. ಅವಳಿಗೆ ಕುಣಿಯಬೇಕೆನಿಸಿತು.

ಬಸ್ ಸ್ಟ್ಯಾಂಡಿನವರೆಗೂ ಕಲ್ಮೇಶ ಜೊತೆಗೇ ಬಂದ. ಅವಳ ಜಮಖಂಡಿ ಬಸ್ ಬಂತು. ಅವನು ಬಾಯಿ ತೆರೆದ, ಮುಚ್ಚಿದ.

"ನಿಮ್ಮ ಕೈಲಿ ಆಗೂದಿಲ್ಲ, ನಾನ ಹೇಳ್ತೇನಿ," ಎಂದಳು ಪೂರ್ಣಿಮಾ. "ನಿಮ್ಮ ಮ್ಯಾಲ ಮನಸಾಗೇತ್ರಿ."

ಅವನ ಕಣ್ಣು ತುಂಬಿತು. "ರವಿವಾರ ಅವ್ವನ್ನ ಕರಕೊಂಡು ನಿಮ್ಮ ಮನಿಗೆ ಬರಲೇನ್ರಿ?"

ಅವಳು ಬಸ್ಸಿನ ಮೆಟ್ಟಿಲು ಹತ್ತಿ ತಿರುಗಿದಳು. "ಬರ್ರಿ. ಅಪ್ಪಗ ಹೇಳಿ ಸಪ್ಪಳ ಮಾಡೂ ಮಗ್ಗ ಬಂದ್ ಇಡಸ್ತೇನಿ. ನೀವು ಕೇಳೂದು ಅವಗ ಒಂದಕ್ಷರ ಬಿಡದಂಗ ಕೇಳಸಬೇಕು."